ಅಜ್ಜಿಯ ಧಾಬಳಿಯ ಕಿಡಿ

ಪುಣೆಯ ಹೊರವಲಯದ ವಾಕಡದ ಫ್ಲ್ಯಾಟಿನಲ್ಲಿ ಮೊಮ್ಮಗಳು ಉಣ್ಣೆಯ ಸ್ವೆಟರ್ ಕಳಚುವಾಗ ಚಟಚಟ ಸದ್ದು ಕೇಳಿದರೆ ನನಗೆ ನಮ್ಮ ಅಜ್ಜಿಯ ಧಾಬಳಿ ನೆನಪಾಗುತ್ತದೆ.

ಧಾಬಳಿ ಅಂದರೆ ಮಡಿಗೆ ಉಡುವ ಉಣ್ಣೆಬಟ್ಟೆ. ಪುಣೆಯ ಹಳೇ ವಾಡೆಯ ಮನೆಯಲ್ಲಿ ಅದು ಎತ್ತರದ ಗಳದ ಮೇಲೆ ಇರುತ್ತಿತ್ತು. ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಚಳಿಗಾಲದ ಒಂದು ಮಧ್ಯಾಹ್ನ, ಕತ್ತಲು ತುಂಬಿದ ದೇವರಮನೆಯಲ್ಲಿ ಅಜ್ಜಿ ಅದನ್ನು ಬಿಚ್ಚುವಾಗ ಕಿಡಿ ಹಾರಿತು.

“ಖೋಡಿ, ಧಾಬಳಿ ಮುಟ್ಟೀಯೇನ? ಅದಕ್ಕ ದೇವ್ರು ಸಿಟ್ಟಾಗ್ಯಾನ!”

“ನಾ ಮುಟ್ಟಿಲ್ಲ ಅಜ್ಜಿ.”

“ಖರೇ ಹೇಳೋತನಕಾ ಊಟಿಲ್ಲ.”

ನನಗೆ ಹಸಿವೆಯೂ ಆಗಿತ್ತು, ಸಿಟ್ಟೂ ಬಂದಿತ್ತು. ನಾನಾಗ ಓದುತ್ತಿದ್ದದ್ದು ಬರೀ ಎರಡನೇ ಇಯತ್ತೆ, ಆದರೆ ಶಾಲೆಯಲ್ಲಿ ಗೆಳತಿಯರಿಂದ ಒಂದು ಆಟ ಕಲಿತಿದ್ದೆ. ಅಜ್ಜಿಯ ಎದುರಿಗೇ ಧಾಬಳಿ ಎಳೆದುಕೊಂಡು, ನನ್ನ ಪ್ಲಾಸ್ಟಿಕ್ ಬಾಚಣಿಗೆಯನ್ನು ಅದಕ್ಕೆ ಗಸಗಸ ಉಜ್ಜಿ, ಕಾಗದದ ಚೂರುಗಳ ಮೇಲೆ ಹಿಡಿದೆ. ಚೂರುಗಳು ನೆಗೆದು ಬಾಚಣಿಗೆಗೆ ಅಂಟಿಕೊಂಡವು.

“ನೋಡಿಲ್ಲೆ, ಉಣ್ಣಿ ಉಜ್ಜಿದ್ರ ಹಿಂಗಾಗ್ತದ. ಕಿಡೀನೂ ಅದರದ ಕೆಲಸ.”

ಅಜ್ಜಿ ಬಗ್ಗಿ ನೋಡಿದಳು. “ಬಾಚಣಿಗಿ ಕಾಗದಕ್ಕ ಮುಟ್ಟೇ ಇಲ್ಲ. ದೂರದಿಂದ ಹೆಂಗ ಎಳೀತು?”

“ಯಾರಿಗೆ ಗೊತ್ತು?”

“ಇಷ್ಟೊತ್ತು ಮುಟ್ಟಿರಲಿಲ್ಲ, ಈಗಂತೂ ಮುಟ್ಟೀಯಲ್ಲ! ಹೋಗು, ಧಾಬಳಿ ಒಗದು ಬಾ, ಆಮ್ಯಾಲೆ ಉಣ್ಣು.”

ನಳದ ಕೆಳಗೆ ಅದನ್ನು ಒಗೆದು ಒಳಗೆ ಬಂದಾಗ ಅಜ್ಜಿ ಕಾಗದದ ಚೂರುಗಳ ಮುಂದೆ ಕೂತು, ಹೊದ್ದ ಶಾಲಿಗೆ ಬಾಚಣಿಗೆ ಉಜ್ಜುತ್ತಿದ್ದಳು. ಅಜ್ಜ ತೀರಿದ ಮೇಲೆ ತಲೆ ಬೋಳಿಸಿಕೊಂಡಿದ್ದ ಅವಳ ಕೈಯಲ್ಲಿ ನಾನು ಬಾಚಣಿಗೆ ನೋಡಿದ್ದು ಅದೇ ಮೊದಲು.