ದೊಡ್ಡ ಗಂಟೆಯ ಕರೆ

ಗಂಟೆಯ ನಾಲಗೆಗೆ ಕುರಿಚರ್ಮ ಸುತ್ತಿ ಬಿಗಿಯಾಗಿ ಕಟ್ಟಿ ಎಂದು ಹಾಲ್ವರ್ದ್ ತನ್ನ ಆಳುಗಳಿಗೆ ಹೇಳುತ್ತಿದ್ದಾಗಲೇ ಬೋತಿಲ್ ಚರ್ಚಿನ ಅಂಗಳಕ್ಕೆ ಬಂದಳು. ಎರಡು ಕುದುರೆ ಹೂಡಿದ ಜಾರುಬಂಡಿ ಹಿಮದಲ್ಲಿ ನಿಂತಿತ್ತು. ಗಂಟೆಗೋಪುರದ ಮರದ ಬಾಗಿಲು ಹಾರುಹೊಡೆದಿತ್ತು. ಪಾದ್ರಿಗಳು ಕೀಲಿ ಕೊಟ್ಟವರೇ ಕೆಮ್ಮಿನ ನೆಪ ಹೇಳಿ ಮನೆ ಸೇರಿಕೊಂಡಿದ್ದರು.

"ಏನಿದು ಹಾಲ್ವರ್ದ್?"

"ರಾಜರ ಅಪ್ಪಣೆ ಅತ್ತಿಗೆ. ಯುದ್ಧಕ್ಕೆ ಅಂತ ಜರ್ಮನಿಯ ಲೂಬೆಕ್ ಪಟ್ಟಣದ ಸಾಹುಕಾರರ ಹತ್ರ ಮಾಡಿದ ಸಾಲ ತೀರಿಸ್ಬೇಕಂತೆ. ಊರಿಗೊಂದು ಗಂಟೆ ಕೊಡ್ಬೇಕು. ಚಿಕ್ಕದನ್ನ ನಿಮಗೇ ಬಿಟ್ಟಿದ್ದೀನಿ."

"ದೊಡ್ಡ ಉಪಕಾರ ಆಯ್ತಪ್ಪ. ಉಂಡ ಮನೆ ಜಂತೆ ಎಣಿಸೋಕೆ ನಿಮ್ಮ ರಾಜನಿಗೆ ನೀನೇ ಸಿಕ್ಕಿದ್ಯಾ?"

ಹಾಲ್ವರ್ದ್ ಮುಖ ತಿರುಗಿಸಿದ. ಅವನೂ ಇದೇ ಊರಿನವನು, ಅವಳ ಗಂಡ ಎರ್ಲಂಡನ ಹಿಂದೆಮುಂದೆ ಸುತ್ತುತ್ತ ಬೆಳೆದವನು. ಈಗ ಮೈಮೇಲೆ ರಾಜನ ಮುದ್ರೆಯ ಕೋಟು ಬಂದಿತ್ತು, ಅಷ್ಟೇ.

ಬೋತಿಲ್‌ಗೆ ಆ ಚಳಿಗಾಲ ನೆನಪಾಯಿತು. ಈಗಿನ ರಾಜ ಆಗಿನ್ನೂ ಯುವಕ. ನಾಡನ್ನು ಹಿಡಿದಿದ್ದ ಡೇನರ ರಾಜ ತನ್ನ ಅಪ್ಪನನ್ನು ಕೊಲ್ಲಿಸಿದ ಮೇಲೆ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ ಅವನು ಯಾರದೋ ಕೈಗವಸು ಹಾಕಿಕೊಂಡು ಇದೇ ಅಂಗಳದಲ್ಲಿ ನಿಂತಿದ್ದ. ಡೇನರನ್ನು ಓಡಿಸಲು ಕೈಜೋಡಿಸಿ ಸಹಾಯ ಕೇಳಿದ್ದ. ಅವಳ ಮನೆಯಲ್ಲೇ ಕೂತು, ಮರದ ತೊಗಟೆ ಬೆರೆಸಿದ ರೊಟ್ಟಿಯನ್ನು ಇನ್ನೊಂದು ಹಾಕಿ ಎಂದು ಕೇಳಿ ತಿಂದಿದ್ದ. ಅವತ್ತು ಬಾರಿಸಿದ್ದು ಈ ದೊಡ್ಡ ಗಂಟೆಯನ್ನೇ. ಅದು ಬಿಡುವಿಲ್ಲದೆ ಬಡಿದುಕೊಂಡರೆ ದಂಡು ಕೂಡಬೇಕೆಂದು ಅರ್ಥ. ಸರೋವರದ ಆಚೆ ದಡದಿಂದೆಲ್ಲ ಗಂಡಸರು ಕಾಲಿಗೆ ಜಾರುಹಲಗೆ ಕಟ್ಟಿ, ಬಿಲ್ಲು ಹೊತ್ತು ಬಂದಿದ್ದರು. ಹುಲ್ಲುಕೊಯ್ಲಿನ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೇಳಿ ಎರ್ಲಂಡ್ ಹೊರಟಿದ್ದ. ಎಷ್ಟು ಚೆಂದ ಕಾಣುತ್ತಿದ್ದ ಅವತ್ತು! ಆಮೇಲೆ ಪ್ರತಿ ಬೇಸಿಗೆಯಲ್ಲೂ ಅವಳು ಅವನ ಕುಡುಗೋಲನ್ನು ಮಸೆದಿಡುತ್ತಲೇ ಬಂದಳು.

"ರಾಜರಿಗೆ ಮದುವೆ ಅಂತೆ ಅತ್ತಿಗೆ, ಜರ್ಮನಿ ಕಡೆ ಹುಡುಗಿ" ಎಂದ ಹಾಲ್ವರ್ದ್, ಮಾತು ಬದಲಿಸಲು. "ಇನ್ನು ಮೇಲೆ ಮಕ್ಕಳು ಮೊಮ್ಮಕ್ಕಳು ಅವರೇ ಆಳ್ತಾರೆ. ನಾವು ಕೂರಿಸಿದ ವಂಶ."

"ಬೆಳೀಲಿ ಬಿಡು. ಎರ್ಲಂಡನ ವಂಶ ಅವನ ಜೊತೆಗೇ ಹೋಯ್ತು. ಅವನು ಬಿದ್ದಿದ್ದನ್ನ ಕಣ್ಣಾರೆ ಕಂಡೆ ಅಂತ ನೀನು ಹೇಳಿದ್ದೆ. ನಾನು ಒಪ್ಪಿರಲಿಲ್ಲ. ಅದಕ್ಕೇ ಅವನಿಗೆ ಸಾವಿನ ಗಂಟೆ ಹೊಡೆಸಲಿಲ್ಲ. ಈಗ ಒಪ್ತೀನಿ. ಒಂದು ಸಲ ಬಾರಿಸಿಬಿಡು ಹಾಲ್ವರ್ದ್. ಅವನ ಜೀವಕ್ಕೂ ದಾರಿ ಸಿಗ್ಲಿ. ಆಮೇಲೆ ಎಲ್ಲಿಗಾದ್ರೂ ಹೊತ್ಕೊಂಡ್ಹೋಗಿ ಕರಗಿಸ್ಕೊಳ್ಳಿ."

"ಚಿಕ್ಕ ಗಂಟೆ ಹೊಡೆಸ್ತೀನಿ."

"ಅದು ಕುರಿಮಂದೆಗೆ ಕೇಳಿಸೀತು. ಎರ್ಲಂಡ್ ಬಿದ್ದಿರೋದು ದೂರದಲ್ಲಿ."

"ಆಗಲ್ಲ ಅತ್ತಿಗೆ. ಇದರ ಸದ್ದು ಕೇಳಿದ್ರೆ ಜನ ಬಿಲ್ಲು ಹಿಡ್ಕೊಂಡು ಬರ್ತಾರೆ. ನಮ್ಮನ್ನ ಇಲ್ಲೇ ಹೂತುಹಾಕ್ತಾರೆ. ಗಂಟೆ ತಗೊಂಡು ಹೋಗ್ತಿರೋದು ಅವರಿಗಿನ್ನೂ ಗೊತ್ತಿಲ್ಲ."

ಬೋತಿಲ್ ಮತ್ತೆ ಕೇಳಲಿಲ್ಲ. ಆಳುಗಳು ಚರ್ಮ ಕಟ್ಟಿ ಮುಗಿಸಿ ಹಗ್ಗ ತರಲು ಬಂಡಿಯ ಕಡೆ ಹೋದದ್ದೇ ತಡ, ಅವಳು ಗೋಪುರದೊಳಗೆ ನುಗ್ಗಿ ಏಣಿ ಹತ್ತಿದಳು. ಸೊಂಟದ ಚಾಕು ತೆಗೆದು ಕುರಿಚರ್ಮದ ಕಟ್ಟು ಕೊಯ್ದಳು. ಹಗ್ಗ ಜಗ್ಗಿದಳು.

ಸಾವಿನ ಗಂಟೆಯನ್ನು ನಿಧಾನವಾಗಿ ಬಾರಿಸಬೇಕು. ಒಂದು ಪೆಟ್ಟಿನ ಸದ್ದು ಪೂರ್ತಿ ಅಡಗಿದ ಮೇಲೆ ಇನ್ನೊಂದು. ಅವಳೂ ಹಾಗೇ ಶುರು ಮಾಡಿದ್ದಳು. ಆದರೆ ಕೆಳಗೆ ಏಣಿಯ ಮೇಲೆ ಬೂಟಿನ ಸದ್ದು ಕೇಳಿತು. ಎಲ್ಲಿ ಅರ್ಧಕ್ಕೇ ನಿಂತುಹೋಗುತ್ತದೋ ಎಂದು ಹೆದರಿ ಅವಳು ಮೈಯೆಲ್ಲ ಭಾರ ಹಾಕಿ ಜಗ್ಗತೊಡಗಿದಳು. ಗಂಟೆ ಬಿಡುವಿಲ್ಲದೆ ಬಡಿದುಕೊಂಡಿತು. ಆಳುಗಳು ಅವಳ ಕೈಯಿಂದ ಹಗ್ಗ ಬಿಡಿಸುವ ಹೊತ್ತಿಗೆ ಆ ಸದ್ದು ಸರೋವರ ದಾಟಿ ಹೋಗಿತ್ತು.

"ಏನು ಮಾಡಿದ್ರಿ ಅತ್ತಿಗೆ" ಎಂದ ಹಾಲ್ವರ್ದ್. "ಅದು ದಂಡಿನ ಕರೆ."

ಆಗ ಅವಳಿಗೂ ಅರಿವಾಯಿತು. ಗಂಡನನ್ನು ಕಳಿಸಿಕೊಡಲು ಹೋಗಿ, ಅವನನ್ನು ಕರೆದೊಯ್ದ ಸದ್ದನ್ನೇ ಮಾಡಿದ್ದಳು. ಹಾಲ್ವರ್ದನ ರಕ್ತ ಬೀಳಲಿ ಎಂದು ಅವಳೇನೂ ಬಯಸಿರಲಿಲ್ಲ. ಎರ್ಲಂಡನ ಹಿಂದೆ ಓಡಾಡುತ್ತಿದ್ದ ಹುಡುಗ ಇವನು.

ಆಚೆ ದಡದಲ್ಲಿ ಕಪ್ಪು ಚುಕ್ಕೆಗಳು ಕಂಡವು. ಹೆಪ್ಪುಗಟ್ಟಿದ ನೀರಿನ ಮೇಲೆ ಅವು ಹತ್ತಿರ ಹತ್ತಿರ ಬಂದವು. ಬಿಲ್ಲುಗಳೂ ಕಂಡವು. ಹಾಲ್ವರ್ದ್ ಆಳುಗಳನ್ನು ಬಂಡಿಯ ಮರೆಗೆ ನಿಲ್ಲಿಸಿ ಕತ್ತಿಯ ಹಿಡಿಗೆ ಕೈ ಹಾಕಿದ. ಬೋತಿಲ್ ಅವನಿಗೆ ಅಡ್ಡವಾಗಿ ಬಂದು ನಿಂತಳು.

ಮೊದಲು ಅಂಗಳ ಮುಟ್ಟಿದವನು ಮುದುಕ ಟೋರ್ಕೆಲ್. ಗಡ್ಡದ ಮೇಲೆ ಉಸಿರು ಹೆಪ್ಪುಗಟ್ಟಿತ್ತು. ಅವನ ಹಿಂದಿನವರಲ್ಲೂ ಹೆಚ್ಚಿನವರು ಹಳೆಯ ದಂಡಿನವರೇ. ಒಬ್ಬ ಕುಂಟುತ್ತಿದ್ದ, ಇನ್ನೊಬ್ಬನಿಗೆ ಒಂದು ಕಣ್ಣಿರಲಿಲ್ಲ. ಎಲ್ಲರೂ ದೂರದ ದಾರಿಗೆಂದು ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಟೋರ್ಕೆಲ್ ಜಾರುಬಂಡಿಯ ಕಡೆ ನೋಡಲಿಲ್ಲ. ಹಾಲ್ವರ್ದನ ಕೋಟಿನ ಮೇಲಿನ ಮುದ್ರೆ ನೋಡಿ ನೇರವಾಗಿ ಅವನ ಬಳಿಗೆ ಹೋದ. ಏದುಸಿರಿನ ನಡುವೆಯೇ ಅವನ ತೋಳು ಹಿಡಿದುಕೊಂಡ.

"ಸದ್ಯ, ನೀನೇ ಬಂದಿದ್ದೀಯಲ್ಲ. ಡೇನರು ಮತ್ತೆ ಬಂದ್ರಾ? ನಮ್ಮ ರಾಜನಿಗೆ ಏನೂ ಆಗಿಲ್ಲ ತಾನೇ?"