ಕೆಸರಿನೊಳಗಿನ ಬೂಟು

ಮೊಣಕಾಲುದ್ದದ ಕೆಸರು ದರ್ಜಿಯಮ್ಮನ ಎಡಗಾಲಿನ ಬೂಟನ್ನು ನುಂಗಿಬಿಟ್ಟಿತು. ಬೆಟ್ಟದ ಓಟದ ಪಂದ್ಯದಲ್ಲಿ ಅರವತ್ತು ಕಿಲೋಮೀಟರ್ ಓಡಿಯಾಗಿತ್ತು. ಮುಂದಿನ ಗೇಟು ಮುಚ್ಚಲು ಹನ್ನೆರಡೇ ನಿಮಿಷ; ಅಷ್ಟರೊಳಗೆ ದಾಟದವರು ಪಂದ್ಯದಿಂದ ಹೊರಗೆ. ಕೊನೆಯ ಓಟಗಾರರ ಬೆನ್ನಿಗೇ ದಾರಿಯ ಬಾವುಟ ಕೀಳುತ್ತ ಬರುವ ಕೆಲಸ ಅವಳ ಗಂಡನದು. ಅವಳು ಮುಂದೆ ಹೋಗುವ ಮೊದಲೇ ಪಕ್ಕದ ಬಾವುಟ ಕಿತ್ತರೆ ಅಲ್ಲಿಗೆ ಅವಳ ಓಟ ಮುಗಿಯಿತು.

"ಸಾಕು ಮಾಡೇ, ಐವತ್ತೆರಡಾಯ್ತು ನಿಂಗೆ," ಎನ್ನುತ್ತ ಅವನು ಅದನ್ನು ಅರ್ಧ ಎಳೆದೇಬಿಟ್ಟ.

ಅವಳು ಹಲ್ಲು ಕಚ್ಚಿ ಮೊಣಕೈ ಮುಳುಗುವವರೆಗೂ ಕೈ ಇಳಿಸಿ ತಡಕಾಡಿ, ಜಗ್ಗಿ ಎಳೆದಳು. ಬಂದದ್ದು ಅವಳದಲ್ಲ. ಯಾವನೋ ಗಂಡಸಿನ ಬಲಗಾಲಿನ ಬೂಟು, ಕಟ್ಟಿದ ಲೇಸು ಕಟ್ಟಿದ ಹಾಗೇ ಇತ್ತು. ಕೆಸರಿನಾಚೆಯ ಏರುದಾರಿಯಲ್ಲಿ ಒಂದು ಬೂಟಿನ ಗುರುತು, ಒಂದು ಬರಿಗಾಲಿನ ಗುರುತು, ಮೇಲಿನವರೆಗೂ.

"ಪಾಪ, ಯಾರದೋ. ಕೊಟ್ಟುಬಿಡ್ತೀನಿ ಕಣ್ರೀ," ಎಂದವಳೇ ಅದನ್ನು ಕಂಕುಳಿಗೆ ಸಿಕ್ಕಿಸಿ ಒಂಟಿ ಬೂಟಿನಲ್ಲೇ ಓಡಿದಳು.

ಗಂಡ ಬಾವುಟವನ್ನು ಮತ್ತೆ ಕೆಸರಿಗೆ ಒತ್ತಿ ನೆಟ್ಟ.