ಕೈರುಚಿಯ ಹಲ್ಲು

ಎರಡು ದವಡೆಹಲ್ಲು ಕಳೆದುಕೊಂಡಿದ್ದ ವಿಶಾಲಾಕ್ಷಿ ದಂತವೈದ್ಯರ ಕುರ್ಚಿಯಲ್ಲಿ ಒರಗಿದ್ದರು. ಅವರ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಗಂಡ ಶೇಷಗಿರಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

"ಬರೀ ಹಲ್ಲು ಸಾಕೋ, ಕೈರುಚಿಯದ್ದು ಹಾಕಲೋ?" ಡಾಕ್ಟರ್ ಮೆನೇಜಸ್ ಟ್ರೇ ಮುಂದಿಟ್ಟರು. "ಹೋಟೆಲ್ ರುಚಿಯವು ರೆಡಿ ಇವೆ. ಮನೆಯವರ ಕೈರುಚಿಯೇ ಬೇಕಾದರೆ ಅವರು ಮಾಡಿದ್ದು ಏನಾದರೂ ಒಂದು ಚೂರು ಕೊಡಿ. ಆಮೇಲೆ ಯಾರು ಬಡಿಸಿದರೂ ಅವರೇ ಮಾಡಿದ ಹಾಗಿರುತ್ತೆ."

ಶೇಷಗಿರಿಗೆ ಇದೇನು ಹೊಸದಲ್ಲ. ಅವರ ಆಫೀಸಿನಲ್ಲಿ ಅರ್ಧ ಜನ ಅಮ್ಮನ ಕೈರುಚಿಯ ಹಲ್ಲು ಕಟ್ಟಿಸಿಕೊಂಡು ಕ್ಯಾಂಟೀನಿನ ನೀರುಸಾಂಬಾರನ್ನೂ ಚಪ್ಪರಿಸುತ್ತಿದ್ದರು. ಇವಳೂ ತವರಿನ ರುಚಿಯನ್ನೇ ತಂದಿರುತ್ತಾಳೆ ಎಂದುಕೊಂಡು ಬ್ಯಾಗಿನಲ್ಲಿದ್ದ ಪುಟ್ಟ ಬಾಟಲಿಯನ್ನು ತೆಗೆದುಕೊಟ್ಟರು.

ಮುಚ್ಚಳ ತೆರೆದದ್ದೇ ತಡ, ಇಂಗಿನ ಘಮ ಮೂಗಿಗೆ ಬಡಿಯಿತು. ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಶೇಷಗಿರಿಯ ತಾಯಿ ಹಾಕಿದ್ದ ಮಾವಿನಮಿಡಿ ಉಪ್ಪಿನಕಾಯಿ ಅದು. ಅದೆಲ್ಲಾ ಎಂದೋ ಮುಗಿದೇಹೋಯಿತು ಅಂದುಕೊಂಡಿದ್ದರು ಶೇಷಗಿರಿ.

"ಅಲ್ಲ ಕಣೇ, ಅಮ್ಮ ಇದ್ದಾಗ ಒಂದು ದಿನವಾದರೂ ಅವಳ ಅಡುಗೆ ಚೆನ್ನಾಗಿದೆ ಅಂದಿದ್ದೀಯಾ?"

ವಿಶಾಲಾಕ್ಷಿ ಡಾಕ್ಟರಿಗೆ ಬಾಯಿ ತೆರೆಯುವ ಮುಂಚೆ ಗಂಡನ ಕಡೆ ತಿರುಗಿದರು.

"ಅಂದುಬಿಟ್ಟಿದ್ದರೆ, ಅವರು ನನಗೆ ಒಲೆ ಬಿಟ್ಟುಕೊಡುತ್ತಿದ್ದರೇನ್ರೀ?"